ಓದುಗರ ಪ್ರಶ್ನೆ, ಪ್ರಾಣಿ ಡಾಕ್ಟ್ರ ಉತ್ತರ: ಈ ಸಲ ಬಾಕ್ಸ್ ಟರ್ಟಲ್ ಕಾಯಿಲೆ ಕಸಾಲೆ

ನಾಯಿ ಬೆಕ್ಕು ಬಿಟ್ಟು ಈ ಸಲ ಪೂರ್ತಿ ಆಮೆ ಸಮಾಚಾರ. ಅಮೆರಿಕದಲ್ಲಿರೋ ನಮ್ಮವರಿಂದ ಬಾಕ್ಸ್ ಟರ್ಟಲ್ ಬಗ್ಗೆ ಸುಮಾರು ಪತ್ರ ಬಂದು ಕೂತಿದ್ವು, ಎಲ್ಲಾ ಒಟ್ಟಿಗೆ ತಗೊಂಡಿದೀನಿ. ಗೊತ್ತಿಲ್ಲದೋರಿಗೆ ಎರಡು ಮಾತು: ಬಾಕ್ಸ್ ಟರ್ಟಲ್ ಅಂದ್ರೆ ಬೆಂಗಳೂರಿನ ಅಕ್ವೇರಿಯಂ ಅಂಗಡೀಲಿ ಮಾರೋ, ಕಿವಿ ಹತ್ರ ಕೆಂಪು ಪಟ್ಟಿ ಇರೋ ನೀರಾಮೆ ಅಲ್ಲ. ಇದು ಅಲ್ಲಿನ ಕಾಡಿನಲ್ಲಿ, ಎಲೆ ಉದುರಿದ ನೆಲದ ಮೇಲೆ ಓಡಾಡ್ಕೊಂಡು ಅಣಬೆ, ಎರೆಹುಳ, ಬಸವನಹುಳ, ಬಿದ್ದ ಹಣ್ಣು ಎಲ್ಲಾ ತಿನ್ನೋ ನೆಲದ ಪ್ರಾಣಿ. ಹೊಟ್ಟೆ ಕಡೆ ಚಿಪ್ಪಲ್ಲಿ ಕೀಲು ಇರುತ್ತೆ, ಹೆದರಿದಾಗ ತಲೆ ಕಾಲು ಒಳಗೆ ಎಳ್ಕೊಂಡು ಮುಂದೆ ಹಿಂದೆ ಎರಡೂ ಬಾಗಿಲು ಹಾಕ್ಕೊಂಡುಬಿಡುತ್ತೆ. ಚೆನ್ನಾಗಿ ನೋಡ್ಕೊಂಡ್ರೆ 40-50 ವರ್ಷ ಬದುಕುತ್ತೆ. ಕಷ್ಟ ಏನಂದ್ರೆ ಕಾಯಿಲೆ ಬಂದ್ರೂ ತೋರಿಸಿಕೊಳ್ಳಲ್ಲ. ಮೊದಲೇ ನಿಧಾನದ ಪ್ರಾಣಿ, ಮಂಕಾಗಿದೆ ಅಂತ ನಮಗೆ ಅನ್ನಿಸೋ ಹೊತ್ತಿಗೆ ಕಾಯಿಲೆ ಹಳೇದಾಗಿರುತ್ತೆ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಾವಿರೋದು ನಾರ್ತ್ ಕೆರೊಲಿನಾದ ರಾಲಿ ಹತ್ರ. ಪಕ್ಕದ ಮನೆ ವಯಸ್ಸಾದ ದಂಪತಿ ಊರು ಬಿಡೋವಾಗ ಅವರ ಈಸ್ಟರ್ನ್ ಬಾಕ್ಸ್ ಟರ್ಟಲ್‌ನ ನಮ್ಮ ಮಗಳಿಗೆ ಕೊಟ್ಟು ಹೋದ್ರು. ಒಂದು ತಿಂಗಳಿಂದ ಎರಡೂ ಕಣ್ಣಿನ ರೆಪ್ಪೆ ಊದ್ಕೊಂಡು ಮುಚ್ಕೊಂಡೇ ಇದೆ, ಊಟ ಬಿಟ್ಟಿದೆ, ಈಗ ಎಡಗಡೆ ಕಣ್ಣಿನ ಹಿಂದೆ ಕಡಲೆಕಾಳಿನಷ್ಟು ಗಂಟು ಬಂದಿದೆ. ನಾವು ಐಸ್‌ಬರ್ಗ್ ಲೆಟಿಸ್, ಸೌತೆಕಾಯಿ ಹಾಕ್ತೀವಿ. ಮನುಷ್ಯರ ಐ ಡ್ರಾಪ್ಸ್ ಹಾಕಬಹುದಾ?

ಉತ್ತರ: ಡ್ರಾಪ್ಸ್ ಬೇಡ. ಉತ್ತರ ನಿಮ್ಮ ಪತ್ರದಲ್ಲೇ ಇದೆ ನೋಡಿ, ಐಸ್‌ಬರ್ಗ್ ಮತ್ತು ಸೌತೆಕಾಯಿ. ಎರಡರಲ್ಲೂ ಇರೋದು ಬರೀ ನೀರು. ಈ ಊಟದಲ್ಲಿ ವಿಟಮಿನ್ ಎ ಸಾಕಾಗಲ್ಲ, ಅದು ಕಮ್ಮಿ ಆದಾಗ ಕಣ್ಣು, ಮೂಗು, ಕಿವಿ ಒಳಗಿನ ಮೆತ್ತನೆ ಪದರ ದಪ್ಪ ಆಗಿ ಒರಟಾಗುತ್ತೆ, ಗ್ರಂಥಿಗಳು ಕಟ್ಕೊಳ್ಳುತ್ತವೆ, ರೆಪ್ಪೆ ಊದುತ್ತೆ, ಆಮೇಲೆ ಅಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತೆ. ಕಣ್ಣು ಕಾಣದಿದ್ರೆ ಆಮೆ ಊಟ ಮಾಡಲ್ಲ, ಊಟ ಮಾಡದಿದ್ರೆ ವಿಟಮಿನ್ ಇನ್ನೂ ಕಮ್ಮಿ, ಹೀಗೇ ಇಳೀತಾ ಹೋಗುತ್ತೆ. ರೆಪ್ಪೆ ಊದೋಕೆ ಕಸ ಬಿದ್ದಿರೋದು, ಗಾಳಿ ಒಣಗಿರೋದು, ಬೇರೆ ಸೋಂಕು ಕೂಡ ಕಾರಣ ಆಗಬಹುದು, ಆದ್ರೆ ನಿಮ್ಮ ಆಮೆ ಊಟ ನೋಡಿದ್ರೆ ನನ್ನ ಅನುಮಾನ ಮೊದಲು ಹೋಗೋದು ವಿಟಮಿನ್ ಕಡೆಗೇ.

ಆ ಗಂಟು ಇದೆಯಲ್ಲ, ಅದು ಕಿವಿ. ಆಮೆಗೆ ಹೊರಗಡೆ ಕಿವಿ ಕಾಣಲ್ಲ, ಕಣ್ಣಿನ ಹಿಂದೆ ಚರ್ಮದ ಕೆಳಗೆ ಇರುತ್ತೆ, ಅದರೊಳಗೆ ಕೀವು ತುಂಬಿದಾಗ ಹೀಗೆ ಉಬ್ಬುತ್ತೆ. ಬಾಕ್ಸ್ ಟರ್ಟಲ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ನಮ್ಮ ಮೈಯಲ್ಲಿ ಬರೋ ಕೀವು ತೆಳ್ಳಗಿರುತ್ತೆ, ಒತ್ತಿದ್ರೆ ಹರಿದು ಬರುತ್ತೆ, ಆಮೆ ಕೀವು ಹಾಗಲ್ಲ, ಗಟ್ಟಿ ಗಿಣ್ಣಿನ ಥರ ಉಂಡೆ ಕಟ್ಟಿರುತ್ತೆ. ಹಾಗಾಗಿ ಬರೀ ಆಂಟಿಬಯೋಟಿಕ್ ಕೊಟ್ರೆ ಕರಗಲ್ಲ, ಸೂಜಿ ಚುಚ್ಚಿದ್ರೂ ಬರಲ್ಲ. ಅರಿವಳಿಕೆ ಕೊಟ್ಟು ಚರ್ಮ ಕೊಯ್ದು ಉಂಡೇನ ಪೂರ್ತಿ ತೆಗೆದು ತೊಳೀಬೇಕು, ಆ ಗಾಯಾನ ಹೊಲಿಯಲ್ಲ, ತೆರೆದೇ ಬಿಟ್ಟು ದಿನಾ ತೊಳೀತಾ ಒಳಗಿಂದ ಮಾಯೋಕೆ ಬಿಡ್ತಾರೆ. ಕೇಳೋಕೆ ಭಯ ಅನ್ಸುತ್ತೆ, ಆದ್ರೆ ಸಮಯಕ್ಕೆ ಮಾಡಿಸಿದ್ರೆ ಹೆಚ್ಚಿನವು ಚೇತರಿಸಿಕೊಳ್ತವೆ. ದಯವಿಟ್ಟು ಮನೇಲಿ ಬ್ಲೇಡ್ ಹಿಡೀಬೇಡಿ.

ಇನ್ನೊಂದು, ವಿಟಮಿನ್ ಎ ಕಮ್ಮಿ ಅಂದ ತಕ್ಷಣ ಮೆಡಿಕಲ್ ಶಾಪ್‌ನಿಂದ ಕ್ಯಾಪ್ಸೂಲ್ ತಂದು ಹಿಂಡೋರೂ ಇದ್ದಾರೆ. ಇದು ಜಾಸ್ತಿ ಆದ್ರೂ ಕಷ್ಟವೇ, ಇಂಜೆಕ್ಷನ್ ಡೋಸ್ ಹೆಚ್ಚಾಗಿ ಚರ್ಮ ಸುಲಿದು ಹಸಿ ಮಾಂಸ ಕಾಣೋ ಹಾಗೆ ಆಗುತ್ತೆ. ಎಷ್ಟು ಕೊಡಬೇಕು ಅನ್ನೋದು ವೆಟ್, ಅಂದ್ರೆ ಪ್ರಾಣಿ ಡಾಕ್ಟ್ರ ಲೆಕ್ಕ. ನಿಮ್ಮ ಲೆಕ್ಕ ಊಟದ್ದು: ಗೆಣಸು, ಸಿಹಿಗುಂಬಳ, ಕ್ಯಾರೆಟ್ ತುರಿ, ಕಡು ಹಸಿರಿನ ಕೊಲಾರ್ಡ್ ಮತ್ತೆ ಡ್ಯಾಂಡಿಲಯನ್ ಸೊಪ್ಪು, ಜೊತೆಗೆ ಎರೆಹುಳ, ಬಸವನಹುಳ. ನೀವು ಸಸ್ಯಾಹಾರಿಗಳಿರಬಹುದು, ಆಮೆ ಅಲ್ಲ. ಹುಳ ಮುಟ್ಟೋಕೆ ಅಸಹ್ಯ ಆದ್ರೆ ಉದ್ದ ಚಿಮುಟ ತಗೊಳ್ಳಿ. ಸಾಮಾನ್ಯ ನಾಯಿ ಬೆಕ್ಕಿನ ಡಾಕ್ಟ್ರು ಎಲ್ಲರೂ ಆಮೆ ನೋಡಲ್ಲ, ಸರೀಸೃಪ ಮತ್ತು ಉಭಯಚರ ಪ್ರಾಣಿಗಳ ವೆಟ್‌ಗಳ ಸಂಘ ಒಂದಿದೆ, ಎಆರ್‌ಎವಿ ಅಂತ, ಅವರ ಪಟ್ಟೀಲಿ ನಿಮ್ಮ ಹತ್ರದವರು ಯಾರು ಅಂತ ಹುಡುಕಿ.

ಪ್ರಶ್ನೆ: ನಾನು ದಾವಣಗೆರೆಯವಳು, ಮಗನ ಮನೆಗೆ ಡಾಲಸ್‌ಗೆ ಬಂದಿದೀನಿ. ಮೊಮ್ಮಗನ ಆಮೆಗೆ ನೆಗಡಿ ಆಗಿದೆ ಕಣಮ್ಮ, ಮೂಗಲ್ಲಿ ಗುಳ್ಳೆ ಬರ್ತದೆ, ಬಾಯಿ ತೆಗೆದು ಕತ್ತು ಮುಂದಕ್ಕೆ ಚಾಚಿ ಉಸಿರಾಡ್ತದೆ, ಕುಂಯ್ ಅಂತ ಸದ್ದು ಬೇರೆ. ಪೆಟ್ಟಿಗೆ ಗರಾಜಲ್ಲಿ ಇಟ್ಟವ್ರೆ, ಅಲ್ಲಿ ಚಳಿ. ಸ್ವಲ್ಪ ವಿಕ್ಸ್ ಹಚ್ಚಿ ಬಿಸಿನೀರಿನ ಆವಿ ಕೊಡಬಹುದಾ? ಮೊಸರನ್ನ ಇಟ್ಟೆ, ಮೂಸೂ ನೋಡಲಿಲ್ಲ.

ಉತ್ತರ: ಅಮ್ಮಾ, ಮನೇಲಿ ಬೇರೆ ಯಾರೂ ಇಷ್ಟು ಗಮನಿಸಿ ನೋಡಿಲ್ಲ, ನೀವು ನೋಡಿದೀರಿ. ವಿಕ್ಸ್ ಬೇಡ, ಆವಿ ಬೇಡ, ಮೊಸರನ್ನ ನೀವೇ ತಿನ್ನಿ. ಇದು ನೆಗಡಿ ಅಲ್ಲಮ್ಮ, ನ್ಯುಮೋನಿಯಾ ಕಡೆ ಹೊರಟಿದೆ. ಆಮೆಗೆ ನಮಗಿರೋ ಹಾಗೆ ಎದೆ ಹೊಟ್ಟೆ ನಡುವೆ ವಪೆ ಇಲ್ಲ, ಜೋರಾಗಿ ಕೆಮ್ಮಿ ಕಫ ಹೊರಗೆ ಹಾಕೋ ಶಕ್ತಿ ಇಲ್ಲ, ಒಳಗೆ ಸೇರಿದ್ದು ಒಳಗೇ ಉಳೀತದೆ. ಬರೀ ಮೂಗಲ್ಲಿ ಸ್ವಲ್ಪ ನೀರು ಇದ್ದು ಊಟ ಸರಿಯಾಗಿದ್ರೆ ಒಂದೆರಡು ದಿನ ಬೆಚ್ಚಗಿಟ್ಟು ನೋಡಬಹುದಿತ್ತು, ಆದ್ರೆ ಬಾಯಿ ತೆಗೆದು ಕತ್ತು ಚಾಚಿ ಉಸಿರಾಡ್ತಿದೆ ಅಂದ್ಮೇಲೆ ಇವತ್ತೇ ಡಾಕ್ಟ್ರ ಹತ್ರ ಹೋಗಬೇಕು. ನಿಮ್ಮ ಮಗನಿಗೆ ಇದನ್ನ ಓದಿಸಿ.

ಮಗನಿಗೆ: ಮೊದಲು ಆಮೇನ ಗರಾಜಿಂದ ಒಳಗೆ ತನ್ನಿ. ಆಮೆ ಮೈ ತಾನಾಗಿ ಬಿಸಿ ಆಗಲ್ಲ, ಹೊರಗಿನ ಬಿಸಿ ಸಿಕ್ಕಿದ್ರೆ ಮಾತ್ರ ಅದರ ರೋಗನಿರೋಧಕ ಶಕ್ತಿ ಕೆಲಸ ಮಾಡುತ್ತೆ, ಕೊಟ್ಟ ಔಷಧಿ ಕೂಡ ತಣ್ಣಗಿರೋ ಮೈಯಲ್ಲಿ ಸರಿಯಾಗಿ ಓಡಾಡಲ್ಲ. ಆರೋಗ್ಯವಾಗಿದ್ದಾಗ ದೀಪದ ಕೆಳಗೆ 85ರಿಂದ 88 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 29ರಿಂದ 31 ಸೆಲ್ಸಿಯಸ್, ಇನ್ನೊಂದು ತುದಿ 75ರ ಆಸುಪಾಸು ಇದ್ರೆ ಸಾಕು, ಕಾಯಿಲೆ ಇದ್ದಾಗ ರಾತ್ರೀನೂ ತಣ್ಣಗಾಗೋಕೆ ಬಿಡಬಾರದು, ಬೆಳಕು ಬರದ ಸೆರಾಮಿಕ್ ಹೀಟರ್ ಹಾಕಿ. ಹೀಟರ್ ಹಾಕಿ ಪೆಟ್ಟಿಗೆ ಒಣಗಿಸಿಬಿಟ್ರೆ ಮತ್ತೆ ಅದೇ ಕಥೆ, ತೇವಾಂಶ 60ರಿಂದ 80 ಪರ್ಸೆಂಟ್ ಇರಲಿ, ಮಣ್ಣು ತೆಂಗಿನ ನಾರಿನ ಪುಡಿ ಒದ್ದೆ ಮಾಡಿ ಇಡಿ. ಡಾಕ್ಟ್ರು ಎಕ್ಸ್‌ರೇ ತೆಗೀತಾರೆ, ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಅಥವಾ ವೈರಸ್ ಇದೆಯಾ ಅಂತ ಬಾಯಿ ಮೂಗಿಂದ ಸ್ಯಾಂಪಲ್ ತಗೋಬಹುದು. ಇಂಜೆಕ್ಷನ್ ಕೋರ್ಸ್ ಕೊಟ್ರೆ ಮುಂಗಾಲಿಗೇ ಕೊಡ್ತಾರೆ, ಯಾಕಂದ್ರೆ ಆಮೆ ಹಿಂಗಾಲಿನ ರಕ್ತ ಮೊದಲು ಕಿಡ್ನಿ ಕಡೆ ಹೋಗುತ್ತೆ. ಸೆಫ್ಟಾಜಿಡೈಮ್ ಥರದ ಆಂಟಿಬಯೋಟಿಕ್ ಆಮೆ ಮೈಯಲ್ಲಿ ತುಂಬಾ ಹೊತ್ತು ಉಳಿಯೋದ್ರಿಂದ ಮೂರು ದಿನಕ್ಕೊಂದು ಸಲ ಕೊಡೋದು ರೂಢಿ, ಮನೇಲೇ ಚುಚ್ಚೋದು ಹೇಳಿಕೊಡ್ತಾರೆ. ಎರಡು ಸೂಜಿಗೆ ಚುರುಕಾಯ್ತು ಅಂತ ನಿಲ್ಲಿಸಬೇಡಿ.

ಪ್ರಶ್ನೆ: ನ್ಯೂಜೆರ್ಸಿಯಿಂದ ಬರೀತಿದೀನಿ ಮೇಡಂ. ನಮ್ಮ ಆಮೆಗೆ ಕಣ್ಣು ಕೆಂಪಗೆ ಉರೀತಿರೋ ಹಾಗಿದೆ, ಆದ್ರೆ ಊಟ ಜೋರು, ಓಡಾಟ ಜೋರು. ಕಂಜಂಕ್ಟಿವೈಟಿಸ್ ಇರಬಹುದಾ?

ಉತ್ತರ: ಗಂಡಾಮೆ ಅಷ್ಟೇ. ಈಸ್ಟರ್ನ್ ಬಾಕ್ಸ್ ಟರ್ಟಲ್ ಗಂಡಿಗೆ ಸಾಮಾನ್ಯವಾಗಿ ಕಣ್ಣಿನ ಬಣ್ಣವೇ ಕೆಂಪು, ಹೆಣ್ಣಿಗೆ ಕಂದು. ತಿರುಗಿಸಿ ನೋಡಿ, ಹೊಟ್ಟೆ ಚಿಪ್ಪು ಒಳಗೆ ತಗ್ಗಾಗಿದ್ರೆ ಗಂಡು ಅನ್ನೋದು ಖಾತ್ರಿ. ರೆಪ್ಪೆ ಊದದೆ, ನೀರು ಸೋರದೆ, ಕಣ್ಣು ಪೂರ್ತಿ ಬಿಟ್ಟು ನೋಡ್ತಿದ್ರೆ ಏನೂ ಮಾಡಬೇಡಿ.

ಪ್ರಶ್ನೆ: ಅಟ್ಲಾಂಟಾದಿಂದ. ಹೊಟ್ಟೆ ಕಡೆ ಚಿಪ್ಪಲ್ಲಿ ಬಿಳಿ ಕಲೆ ಬಂದು ಗುಂಡಿ ಬಿದ್ದಿದೆ, ಉಗುರಲ್ಲಿ ಒತ್ತಿದ್ರೆ ಮೆತ್ತಗೆ, ಕೆಟ್ಟ ವಾಸನೆ. ಅತ್ತೆ ಅರಿಶಿನ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ, ಗಂಡ ವ್ಯಾಸಲಿನ್ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಬೇಡ. ಚಿಪ್ಪು ಅಂದ್ರೆ ಮೇಲೆ ಹೊದಿಸಿರೋ ಕವಚ ಅಂದ್ಕೋತಾರೆ, ಅದು ಮೂಳೆ, ಬೆನ್ನುಮೂಳೆ ಪಕ್ಕೆಲುಬು ಎಲ್ಲಾ ಸೇರಿ ಆಗಿರೋ ಜೀವಂತ ಮೂಳೆ, ಮೇಲೆ ನಮ್ಮ ಉಗುರಿನ ವಸ್ತುವಿನ ತೆಳ್ಳನೆ ಹೊದಿಕೆ. ರಕ್ತ ಓಡುತ್ತೆ, ನೋವಾಗುತ್ತೆ. ನೀವು ಹೇಳ್ತಿರೋದು ಚಿಪ್ಪು ಕೊಳೆತ, ಬ್ಯಾಕ್ಟೀರಿಯಾ ಅಥವಾ ಫಂಗಸ್ ಒಳಗೆ ಇಳಿದಿದೆ. ಎಣ್ಣೆ ವ್ಯಾಸಲಿನ್ ಹಚ್ಚಿದ್ರೆ ಗಾಳಿ ಆಡದೆ ಕೆಳಗೆ ಇನ್ನೂ ಚೆನ್ನಾಗಿ ಕೊಳೆಯುತ್ತೆ, ಅರಿಶಿನ ಹಚ್ಚಿದ್ರೆ ಎಲ್ಲಾ ಹಳದಿ ಆಗಿ ಡಾಕ್ಟ್ರಿಗೆ ಬಣ್ಣ ನೋಡಿ ಹೇಳೋಕಾಗಲ್ಲ. ಹಳೇ ಟೂತ್‌ಬ್ರಷ್‌ನಿಂದ ಮೆಲ್ಲಗೆ ಕೊಳೆ ತೆಗೆದು, ತಿಳಿ ಟೀ ಬಣ್ಣ ಬರೋ ಹಾಗೆ ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಿ, ಕೆಳಗೆ ಮಣ್ಣಿನ ಬದಲು ಶುಭ್ರ ಟವೆಲ್ ಹಾಸಿ, ಅಪಾಯಿಂಟ್‌ಮೆಂಟ್ ತಗೊಳ್ಳಿ. ವಾಸನೆ ಬಂತು ಮೆತ್ತಗಾಯ್ತು ಅಂದ್ರೆ ಅಯೋಡಿನ್ ಒಂದರಲ್ಲೇ ಮುಗಿಯಲ್ಲ, ಸತ್ತ ಭಾಗ ಕೆರೆದು ತೆಗೀಬೇಕು. ಹೊಟ್ಟೆ ಚಿಪ್ಪು ಕೆಂಪಾಗಿ ರಕ್ತ ಕಟ್ಟಿದ ಹಾಗೆ ಕಂಡ್ರೆ ಅದು ಸೋಂಕು ರಕ್ತಕ್ಕೆ ಸೇರಿರೋ ಸೂಚನೆ, ಅವತ್ತೇ ಎಮರ್ಜೆನ್ಸಿ.

ಒಂದೇ ಕಡೆ ಅಲ್ಲದೆ ಚಿಪ್ಪೆಲ್ಲಾ ಮೆತ್ತಗಾಗಿದ್ರೆ ಅದು ಕೊಳೆತ ಅಲ್ಲ, ಕ್ಯಾಲ್ಸಿಯಂ ಮತ್ತು ಯುವಿಬಿ, ಅಂದ್ರೆ ಬಿಸಿಲಲ್ಲಿರೋ ಒಂದು ಥರದ ಅಲ್ಟ್ರಾವಯಲೆಟ್ ಬೆಳಕಿನ ಕೊರತೆ. ಕಿಟಕಿ ಪಕ್ಕ ಬಿಸಿಲಲ್ಲಿ ಇಟ್ಟಿದೀವಿ ಅಂತ ಎಲ್ಲರೂ ಹೇಳ್ತಾರೆ, ಕಿಟಕಿ ಗಾಜು ಯುವಿಬಿನ ತಡೆದುಬಿಡುತ್ತೆ. ಯುವಿಬಿ ಬಲ್ಬ್ ಉರೀತಾನೇ ಇದ್ರೂ ಅದರ ಯುವಿಬಿ ಕಮ್ಮಿ ಆಗ್ತಾ ಹೋಗುತ್ತೆ, ಬಲ್ಬಿನ ಜಾತಿ ನೋಡ್ಕೊಂಡು 6ರಿಂದ 12 ತಿಂಗಳಿಗೆ ಬದಲಾಯಿಸಿ.

ಪ್ರಶ್ನೆ: ಮಿಸೌರಿಯ ಸೇಂಟ್ ಲೂಯಿಸ್‌ನಿಂದ. ನಮ್ಮ ತ್ರೀ ಟೋಡ್ ಬಾಕ್ಸ್ ಟರ್ಟಲ್ ಹಿಕ್ಕೆಯಲ್ಲಿ ಸಣ್ಣ ಬಿಳಿ ಹುಳ ಕಾಣಿಸ್ತು. ನಾಯಿಗೆ ತಂದ ಹುಳದ ಔಷಧಿ ಐವರ್‌ಮೆಕ್ಟಿನ್ ಉಳಿದಿದೆ, ತೂಕಕ್ಕೆ ತಕ್ಕ ಹಾಗೆ ಒಂದು ಹನಿ ಕೊಡ್ಲಾ?

ಉತ್ತರ: ಕೊಡಬೇಡಿ. ಆಮೆಗೆ ಐವರ್‌ಮೆಕ್ಟಿನ್ ವಿಷ, ಮೈ ಸ್ವಾಧೀನ ತಪ್ಪಿ ಉಸಿರು ನಿಂತು ಸಾಯುತ್ತೆ, ಡೋಸ್ ಕಮ್ಮಿ ಮಾಡಿ ಕೊಟ್ರೂ ಸರಿ ಹೋಗೋ ಮಾತಲ್ಲ. ನಾಯಿ, ದನ, ಕುರಿ, ಮನುಷ್ಯರು ಎಲ್ಲರೂ ತಗೋತಾರೆ ಅಂತ ಧೈರ್ಯ ಬರುತ್ತೆ, ಆಮೆ ಆ ಪಟ್ಟೀಲಿಲ್ಲ. ಈ ಪತ್ರಿಕೆ ಕತ್ತರಿಸಿ ಫ್ರಿಜ್ ಮೇಲೆ ಅಂಟಿಸೋದಾದ್ರೆ ಈ ಒಂದು ಉತ್ತರ ಅಂಟಿಸಿ. ತಾಜಾ ಹಿಕ್ಕೆ ಒಂದು ಡಬ್ಬೀಲಿ ಹಾಕ್ಕೊಂಡು ಹೋಗಿ ಪರೀಕ್ಷೆ ಮಾಡಿಸಿ. ಸ್ವಲ್ಪ ಹುಳ ಇದ್ದು ಆಮೆ ಚೆನ್ನಾಗಿದ್ರೆ ಕೆಲವು ಸಲ ಡಾಕ್ಟ್ರು ಏನೂ ಕೊಡಲ್ಲ, ಕೊಟ್ರೆ ಸಾಮಾನ್ಯವಾಗಿ ಫೆನ್‌ಬೆಂಡಜೋಲ್, ಅದೂ ಅವರು ಹೇಳಿದ ಅಳತೇಲಿ.

ಹುಳ ಅಂದಾಗ ನೆನಪಾಯ್ತು, ಬೇಸಿಗೇಲಿ ಹಿತ್ತಲಲ್ಲಿ ಬಿಡೋರು ಆಮೆ ಕತ್ತು ಮತ್ತು ಕಾಲಿನ ಬುಡದ ಮಡಿಕೆ ಬಿಡಿಸಿ ನೋಡ್ತಿರಿ. ಅಲ್ಲಿ ಗಂಟು, ಗಂಟಿನ ಮಧ್ಯೆ ಕಪ್ಪು ಅಂಚಿನ ತೂತು ಕಂಡ್ರೆ ಒಳಗೆ ನೊಣದ ಮರಿಹುಳ ಇರಬಹುದು. ಹಿಚುಕಿ ತೆಗೆಯೋಕೆ ಹೋಗಬೇಡಿ, ಡಾಕ್ಟ್ರು ಒಂದೊಂದಾಗಿ ತೆಗೆದು ತೊಳೀತಾರೆ.

ಪ್ರಶ್ನೆ: ನ್ಯಾಶ್‌ವಿಲ್, ಟೆನೆಸೀ. ಹೆಣ್ಣಾಮೆ, ಒಂಟಿ, ಗಂಡು ನೋಡಿ ಮೂರು ವರ್ಷ ಆಗಿದೆ. ಒಂದು ವಾರದಿಂದ ಪೆಟ್ಟಿಗೆ ಮೂಲೇಲಿ ಹಿಂಗಾಲಲ್ಲಿ ಕೆರೀತಾ ಇದೆ, ಹತ್ತೋಕೆ ನೋಡುತ್ತೆ, ತಿನ್ನಲ್ಲ, ಎರಡು ದಿನದಿಂದ ಸುಮ್ಮನೆ ಕಾಲು ಎಳೀತಾ ಬಿದ್ದಿದೆ.

ಉತ್ತರ: ಮೊಟ್ಟೆ ಕಟ್ಕೊಂಡಿದೆ ಅನ್ಸುತ್ತೆ. ಗಂಡಿಲ್ಲದೆ ಮೊಟ್ಟೆ ಹೇಗೆ ಅಂತ ಕೇಳ್ತೀರಿ, ಕೋಳಿ ಇಡಲ್ವಾ? ಅದೂ ಅಲ್ಲದೆ ಬಾಕ್ಸ್ ಟರ್ಟಲ್ ಹೆಣ್ಣು ಒಂದು ಸಲದ ವೀರ್ಯಾನ ಮೈಯಲ್ಲಿ ವರ್ಷಗಟ್ಟಲೆ ಉಳಿಸ್ಕೊಂಡು ನಾಲ್ಕು ವರ್ಷ ಆದ್ಮೇಲೂ ಫಲ ಕಟ್ಟಿದ ಮೊಟ್ಟೆ ಇಟ್ಟಿರೋದು ದಾಖಲಾಗಿದೆ. ಆಳ ಮಣ್ಣು ಸಿಗದಿದ್ರೆ ಮೊಟ್ಟೆ ಇಡದೆ ತಡೆದುಕೊಳ್ಳುತ್ತೆ. ಒಂದು ವಾರ ಕೆರೆದು ಹುಡುಕಾಡ್ತಾ ಚುರುಕಾಗಿದ್ದಿದ್ರೆ ಒಂದು ದೊಡ್ಡ ಟಬ್‌ನಲ್ಲಿ ಮಣ್ಣು ಮರಳು ಬೆರೆಸಿ ಒಂದು ಅಡಿ ತುಂಬಿಸಿ ಒದ್ದೆ ಮಾಡಿ ಬಿಡಿ ಅಂತಿದ್ದೆ. ಈಗ ಕೆರೆಯೋದು ನಿಲ್ಲಿಸಿ ಮಲಗಿದೆ ಅಂದ್ರೆ ಆ ಹಂತ ದಾಟಿದೆ. ಎಕ್ಸ್‌ರೇ ತೆಗೆದ್ರೆ ಮೊಟ್ಟೆ ಎಷ್ಟಿದೆ, ಒಡೆದಿದೆಯಾ, ದಾರೀಲಿ ಸಿಕ್ಕಿಕೊಂಡಿದೆಯಾ ಎಲ್ಲಾ ಗೊತ್ತಾಗುತ್ತೆ. ಅಡ್ಡ ಏನೂ ಇಲ್ಲದಿದ್ರೆ ಕ್ಯಾಲ್ಸಿಯಂ ಆಮೇಲೆ ಆಕ್ಸಿಟೋಸಿನ್ ಅನ್ನೋ ಹಾರ್ಮೋನ್ ಕೊಟ್ಟು ಇಡಿಸ್ತಾರೆ, ಅಡ್ಡ ಇದ್ರೆ ಆಪರೇಷನ್. ಹೊಟ್ಟೆ ಒತ್ತಿ ನೋಡೋದು ಮಾಡಬೇಡಿ, ಮೊಟ್ಟೆ ಒಳಗೇ ಒಡೆದ್ರೆ ಕಷ್ಟ.

ಪ್ರಶ್ನೆ: ಓಹಾಯೋದಿಂದ. ಅಕ್ಟೋಬರ್ ಬಂದ್ರೆ ನಮ್ಮ ಆಮೆ ಊಟ ಕಮ್ಮಿ ಮಾಡುತ್ತೆ, ಮಣ್ಣಲ್ಲಿ ಹೂತ್ಕೊಳ್ಳುತ್ತೆ. ಇದು ಚಳಿಗಾಲದ ನಿದ್ದೇನಾ, ಕಾಯಿಲೇನಾ? ಹೇಗೆ ಹೇಳೋದು?

ಉತ್ತರ: ತೂಕ ಹೇಳುತ್ತೆ. ಗ್ರಾಂ ತೋರಿಸೋ ಡಿಜಿಟಲ್ ತಕ್ಕಡಿ ಒಂದು ಆಮೆಗೇ ಅಂತ ತಗೊಳ್ಳಿ, ವಾರಕ್ಕೊಂದು ದಿನ ಅದೇ ಹೊತ್ತಿಗೆ ತೂಗಿ ಕ್ಯಾಲೆಂಡರ್ ಮೇಲೆ ಬರೀರಿ. ಎಲ್ಲಾ ಆಮೆ ಮನೇಲೂ ಇದು ಇರಬೇಕು ಅಂತ ನನ್ನ ಹಠ, ದುಬಾರಿ ದೀಪ, ಪ್ಲಾಸ್ಟಿಕ್ ಬಂಡೆ, ಫೌಂಟನ್ ಎಲ್ಲಾ ಇರುತ್ತೆ, ತಕ್ಕಡಿ ಒಂದಿರಲ್ಲ. ಊಟ ಕಮ್ಮಿ ಆದ್ರೂ ತೂಕ ಹೆಚ್ಚುಕಮ್ಮಿ ಅಷ್ಟೇ ಇದೆ, ಕಣ್ಣು ನಿಚ್ಚಳ, ಮೂಗು ಒಣ, ಎತ್ತಿದ್ರೆ ಕಾಲು ಜೋರಾಗಿ ಒದೆಯುತ್ತೆ ಅಂದ್ರೆ ಕಾಲದ ಪ್ರಭಾವ. ಅರ್ಧ ಕೆಜಿ ಆಮೆ 50 ಗ್ರಾಂ ಇಳೀತು, ಅಂದ್ರೆ ಹತ್ತರಲ್ಲೊಂದು ಪಾಲು, ಅದು ಕಾಯಿಲೆ ಅಂತಲೇ ತಿಳ್ಕೊಂಡು ತೋರಿಸಿ.

ಮಲಗಿಸೋದಾದ್ರೆ ಮೊದಲು ಡಾಕ್ಟ್ರ ಹತ್ರ ಪರೀಕ್ಷೆ ಆಗಲಿ, ಹುಷಾರಿಲ್ಲದ ಆಮೆ ಮಲಗಿದ್ರೆ ಏಳೋದು ಅನುಮಾನ. ಊಟ ನಿಲ್ಲಿಸಿ ಎರಡು ಮೂರು ವಾರ ಬೆಚ್ಚಗಿಟ್ಟು, ಉಗುರುಬೆಚ್ಚಗಿನ ನೀರಲ್ಲಿ ಕೂರಿಸಿ ಹೊಟ್ಟೆ ಖಾಲಿ ಮಾಡಿಸಬೇಕು, ಇಲ್ಲಾಂದ್ರೆ ಚಳೀಲಿ ಜೀರ್ಣ ಆಗದೆ ಒಳಗೇ ಕೊಳೆಯುತ್ತೆ. ನೀರು ಗಲ್ಲದ ಮಟ್ಟ ದಾಟಬಾರದು, ಇದು ಈಜೋ ಆಮೆ ಅಲ್ಲ, ಮುಳುಗಿ ಸಾಯುತ್ತೆ. ಆಮೇಲೆ 40ರಿಂದ 50 ಫ್ಯಾರನ್‌ಹೀಟ್, 4ರಿಂದ 10 ಸೆಲ್ಸಿಯಸ್ ಒಳಗೆ ಸ್ಥಿರವಾಗಿರೋ ಜಾಗ. ಅತ್ತ ಬೆಚ್ಚಗೂ ಅಲ್ಲ ಇತ್ತ ತಣ್ಣಗೂ ಅಲ್ಲದ 60 ಡಿಗ್ರಿ ಮೂಲೇಲಿ ತಿಂಗಳುಗಟ್ಟಲೆ ಬಿಡೋದೇ ಎಲ್ಲಕ್ಕಿಂತ ಕೆಟ್ಟದ್ದು, ಊಟಾನೂ ಇಲ್ಲ ನಿದ್ದೇನೂ ಇಲ್ಲ, ಮೈ ಕರಗ್ತಾ ಹೋಗುತ್ತೆ.

ಪ್ರಶ್ನೆ: ಮೂರು ವರ್ಷದ ಮಗು ಆಮೇಗೆ ಮುತ್ತು ಕೊಡುತ್ತೆ. ಏನಾದ್ರೂ ಆಗುತ್ತಾ?

ಉತ್ತರ: ಆಗಬಹುದು, ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾದಿಂದ. ಆಮೆ ಗಟ್ಟಿಮುಟ್ಟಾಗಿದ್ರೂ ಅದರ ಕರುಳಲ್ಲಿ ಇರಬಹುದು, ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರಿಗೆ ಜಾಸ್ತಿ ತೊಂದ್ರೆ. ಮಕ್ಕಳು ಪುಟ್ಟಾಮೆ ಬಾಯಿಗೆ ಹಾಕ್ಕೊಂಡು ಕಾಯಿಲೆ ಬೀಳ್ತಿದ್ರು ಅಂತಲೇ ಅಮೆರಿಕದ ಆಹಾರ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1975ರಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆ ಮಾರಾಟ ನಿಲ್ಲಿಸಿತು. ಮುತ್ತು ಬಂದ್, ಮುಟ್ಟಿದ ಮೇಲೆ ಸೋಪಲ್ಲಿ ಕೈ, ಆಮೆ ತೊಟ್ಟಿ ಅಡುಗೆಮನೆ ಸಿಂಕಲ್ಲಿ ತೊಳೆಯೋದೂ ಬಂದ್.

ಪ್ರಶ್ನೆ: ಇನ್ನಾರು ತಿಂಗಳಿಗೆ ನಾವು ವಾಪಸ್ ಮೈಸೂರಿಗೆ ಬರ್ತಿದೀವಿ. ಆಮೇನ ಜೊತೆಗೆ ತರೋದಾ, ಮನೆ ಹಿಂದಿನ ಕಾಡಿಗೆ ಬಿಟ್ಟುಬಿಡೋದಾ? ಅಲ್ಲಿಂದಲೇ ಬಂದ ಜಾತಿ ತಾನೇ?

ಉತ್ತರ: ಎರಡೂ ಬೇಡ. ಬಾಕ್ಸ್ ಟರ್ಟಲ್ ಸೈಟಿಸ್, ಅಂದ್ರೆ ಕಾಡುಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದ ಪಟ್ಟೀಲಿರೋ ಪ್ರಾಣಿ, ಪರ್ಮಿಟ್ ಇಲ್ಲದೆ ದೇಶ ದಾಟಿಸಿದ್ರೆ ಅಪರಾಧ, ಸೂಟ್‌ಕೇಸಲ್ಲಿ ತರೋ ಯೋಚನೆ ಇದ್ರೆ ಈಗಲೇ ಬಿಡಿ. ಕಾಡಿಗೆ ಬಿಡೋದು ಪುಣ್ಯದ ಕೆಲಸ ಅನ್ಸುತ್ತೆ, ಆದ್ರೆ ಮನೇಲಿ ಬೆಳೆದ ಆಮೆ ಹೊತ್ಕೊಂಡು ಹೋಗೋ ಕಾಯಿಲೆ ಇದೆಯಲ್ಲ, ಅದು ದೊಡ್ಡ ತಲೆನೋವು. ರಾನಾವೈರಸ್ ಅಂತ ಒಂದಿದೆ, ಕಪ್ಪೆಗಳಿಗೂ ಬಾಕ್ಸ್ ಟರ್ಟಲ್‌ಗಳಿಗೂ ಎರಡಕ್ಕೂ ಹತ್ತುತ್ತೆ, ಬಾಯಲ್ಲಿ ಬಿಳಿ ಪದರ, ಕಣ್ಣು ಮೂಗು ಸೋರೋದು, ಕೆಲವೇ ದಿನದಲ್ಲಿ ಸಾವು, ಒಂದು ಕಡೆ ಕಾಣಿಸಿಕೊಂಡ್ರೆ ಗುಂಪು ಗುಂಪಾಗಿ ಸಾಯ್ತವೆ. ಜೊತೆಗೆ ಕಾಡಿನ ಬಾಕ್ಸ್ ಟರ್ಟಲ್ ಜೀವನ ಪೂರ್ತಿ ಒಂದು ಚಿಕ್ಕ ಜಾಗದಲ್ಲೇ ಓಡಾಡೋದು, ಎಲ್ಲಿ ನೀರು ಎಲ್ಲಿ ಬಿಲ ಅಂತ ಅದಕ್ಕೆ ಬಾಯಿಪಾಠ. ನಿಮ್ಮ ಆಮೆಗೆ ಅದು ಯಾವುದೂ ಗೊತ್ತಿಲ್ಲ. ಇರೋ ಊರಿನ ಆಮೆ ಸಾಕೋರ ಕ್ಲಬ್ಬು ಅಥವಾ ನಿಮ್ಮ ವೆಟ್ ಮೂಲಕ ಹೊಸ ಮನೆ ಹುಡುಕಿ, ನಿಮ್ಮ ರಾಜ್ಯದ ಕಾನೂನು ವಿಚಾರಿಸ್ಕೊಳ್ಳಿ, ತೂಕ ಬರೆದ ಕ್ಯಾಲೆಂಡರ್ ಕೂಡ ಅವರಿಗೆ ಕೊಡಿ. ಆರು ತಿಂಗಳು ಟೈಮಿದೆ, ಪ್ಯಾಕಿಂಗ್ ವಾರಕ್ಕೆ ಇಟ್ಕೋಬೇಡಿ.

ಪ್ರಶ್ನೆ: ಬೆಂಗಳೂರು. ನಮ್ಮಲ್ಲಿ ನಕ್ಷತ್ರ ಆಮೆ ಇದೆ, ಯಾರೋ ಅದೃಷ್ಟ ಅಂತ ಕೊಟ್ರು. ಚಿಪ್ಪು ಗೋಪುರ ಗೋಪುರ ಆಗಿ ಎದ್ದಿದೆ. ಈ ಬಾಕ್ಸ್ ಟರ್ಟಲ್ ಔಷಧಿ ನಡೆಯುತ್ತಾ?

ಉತ್ತರ: ನಕ್ಷತ್ರ ಆಮೆ ನಮ್ಮ ಒಣ ಕುರುಚಲು ಕಾಡಿನ ಪ್ರಾಣಿ, ಸಾಕೋ ಪ್ರಾಣಿ ಅಲ್ಲ. 2022ರ ತಿದ್ದುಪಡಿ ಆದ್ಮೇಲೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿದೆ, ಮನೇಲಿಟ್ಕೊಂಡ್ರೆ ಜೈಲು. ಚಿಪ್ಪು ಹಾಗೆ ಏಳೋದು ಊಟ ಮತ್ತು ತೇವಾಂಶ ಸರಿಯಿಲ್ಲದೆ ಬೆಳೆಸಿದ್ದರಿಂದ, ಎದ್ದಿದ್ದು ಮತ್ತೆ ಇಳಿಯಲ್ಲ. ಔಷಧಿ ಬರೆದುಕೊಡೋಕೆ ನನ್ನಿಂದ ಆಗಲ್ಲ, ಹತ್ತಿರದ ಅರಣ್ಯ ಇಲಾಖೆ ವಲಯ ಕಚೇರಿಗೆ ಈ ವಾರವೇ ಫೋನ್ ಮಾಡಿ ಒಪ್ಪಿಸಿ. ಕೆರೆ ದಂಡೇಲಿ ಬಿಟ್ಟು ಬರೋದು ಒಪ್ಪಿಸಿದ ಹಾಗಲ್ಲ.